ಜರ್ಮನಿಯಲ್ಲಿ ಒಂದು ಸೆಮಿಸ್ಟರ್: ಸೂಟ್‌ಕೇಸ್ ಆಮೇಲೆ, ವಿಳಾಸ ಮೊದಲು

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಕಾಲೇಜಿನ ಎಕ್ಸ್‌ಚೇಂಜ್ ಒಪ್ಪಂದದಲ್ಲಿ ಏಳನೇ ಸೆಮಿಸ್ಟರ್‌ಗೆ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯಕ್ಕೆ ಆಯ್ಕೆಯಾಗಿದ್ದೇನೆ. ಅಕ್ಟೋಬರ್‌ನಲ್ಲಿ ಹೊರಡಬೇಕು. ಅಪ್ಪ ದುಡ್ಡಿನ ಲೆಕ್ಕ ಕೇಳುತ್ತಿದ್ದಾರೆ. ಅಮ್ಮ ಈಗಲೇ ತುಪ್ಪ, ಪೇಢೆ, ಚಟ್ನಿಪುಡಿ ಅಂತ ಪಟ್ಟಿ ಮಾಡುತ್ತಿದ್ದಾರೆ. ನಾನು ಮನೆ ಬಿಟ್ಟು ಒಂದು ತಿಂಗಳೂ ಇದ್ದವಳಲ್ಲ. ಎಲ್ಲಿಂದ ಶುರು ಮಾಡಲಿ? ಅಲ್ಲಿ ಒಂಟಿತನ ಕಾಡಿದರೆ ಏನು ಮಾಡಲಿ?

ಉತ್ತರ: ಮೊದಲಿಗೆ ಅಭಿನಂದನೆ. ಆಯ್ಕೆಯಾಗಿರುವುದು ಸಣ್ಣ ಮಾತಲ್ಲ.

ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳಿಸುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಅದಕ್ಕೂ ಮುಂಚೆ ನಾನೇ ಸ್ಟುಟ್‌ಗಾರ್ಟ್‌ನಲ್ಲಿ ಒಂದು ಚಳಿಗಾಲ ಕಳೆದವಳು. ಪ್ರತಿ ವರ್ಷ ನಾನು ನೋಡುವುದು ಒಂದೇ ತಪ್ಪು. ಮನೆಯವರೆಲ್ಲ ಸೇರಿ ಹೊರಡುವ ದಿನಕ್ಕೆ ತಯಾರಿ ಮಾಡುತ್ತಾರೆ. ಸೂಟ್‌ಕೇಸ್ ತೂಗುತ್ತಾರೆ, ಮತ್ತೆ ಬಿಚ್ಚಿ ತೂಗುತ್ತಾರೆ. ಇಳಿದ ಮೇಲಿನ ಆರು ವಾರಕ್ಕೆ ಯಾರೂ ತಯಾರಾಗಿರುವುದಿಲ್ಲ. ಅಲ್ಲಿ ಪಾಠ ನಡೆಯುವುದು ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ. ನಡುವೆ ಕ್ರಿಸ್‌ಮಸ್ ರಜೆ. ಕೈಗೆ ಸಿಗುವುದು ಹದಿನೈದು ವಾರ ಅಷ್ಟೇ. ಅದರಲ್ಲಿ ಆರು ವಾರ ಕಾಗದಪತ್ರಕ್ಕೆ ಓಡಾಡಿ ಕಳೆದರೆ ಉಳಿಯುವುದೇನು?

ಆದ್ದರಿಂದ ನಿಮ್ಮ ಮೊದಲ ಕೆಲಸ ವೀಸಾ ಕೂಡ ಅಲ್ಲ, ಕೋಣೆ. ಜರ್ಮನಿಯಲ್ಲಿ ಎಲ್ಲ ಕೆಲಸವೂ ಒಂದು ವಿಳಾಸಕ್ಕೆ ನೇತುಬಿದ್ದಿರುತ್ತದೆ. ವಿಳಾಸ ಇದ್ದರೆ ಊರಿನ ಕಚೇರಿಯಲ್ಲಿ ನೋಂದಣಿ ಆಗುತ್ತದೆ. ಇದಕ್ಕೆ 'ಆನ್‌ಮೆಲ್ಡುಂಗ್' ಅಂತಾರೆ. ಆ ನೋಂದಣಿಯ ಚೀಟಿ ಇದ್ದರೆ ಬ್ಯಾಂಕಿನ ಕೆಲಸ ಸಲೀಸು. ಬ್ಯಾಂಕ್ ಖಾತೆ ಇದ್ದರೆ ನಿಮ್ಮದೇ ದುಡ್ಡು ನಿಮ್ಮ ಕೈಗೆ ಬರುತ್ತದೆ. ಒಂದು ಕೊಂಡಿ ಕಳಚಿದರೆ ಮುಂದಿನ ಕೆಲಸವೆಲ್ಲ ನಿಲ್ಲುತ್ತದೆ.

ವಿದ್ಯಾರ್ಥಿಗಳ ಹಾಸ್ಟೆಲ್ ನೋಡಿಕೊಳ್ಳುವುದು 'ಷ್ಟುಡೀರೆಂಡೆನ್‌ವೆರ್ಕ್' ಅನ್ನುವ ಸಂಸ್ಥೆ. ಆಯ್ಕೆಯ ಪತ್ರ ಬಂದ ದಿನವೇ ಅಲ್ಲಿ ಅರ್ಜಿ ಹಾಕಿ. ನಾಳೆ ಅಂತ ಬಿಡಬೇಡಿ, ಸ್ಟುಟ್‌ಗಾರ್ಟ್‌ನಲ್ಲಿ ಕೋಣೆಗೆ ಪೈಪೋಟಿ ಜಾಸ್ತಿ. ಹಾಸ್ಟೆಲ್ ಕೋಣೆಗೆ ತಿಂಗಳಿಗೆ 300ರಿಂದ 400 ಯೂರೋ ಅಂದಾಜು ಇಟ್ಟುಕೊಳ್ಳಿ. ಹೊರಗಡೆ ಅದಕ್ಕಿಂತ ಜಾಸ್ತಿಯೇ ಆಗುತ್ತದೆ. 'ನಾನೀಗ ಊರಲ್ಲಿಲ್ಲ, ಅಡ್ವಾನ್ಸ್ ಕಳಿಸಿ, ಕೀಲಿ ಕೊರಿಯರ್‌ನಲ್ಲಿ ಬರುತ್ತೆ' ಅಂತ ಯಾರಾದರೂ ಬರೆದರೆ ಅದು ಮೋಸ. ಮಾತು ಮುಂದುವರಿಸಬೇಡಿ.

ಕೋಣೆ ಸಿಕ್ಕಿದ ಮೇಲೆ ಟಿಕೆಟ್ ತೆಗೆಯಿರಿ. ಹಾಸ್ಟೆಲ್ ಕೀಲಿ ಕೊಡುವವರು 'ಹೌಸ್‌ಮೈಸ್ಟರ್'. ಅವರು ಸಿಗುವುದು ಕೆಲಸದ ದಿನ, ಅದೂ ಗೊತ್ತಾದ ಹೊತ್ತಿನಲ್ಲಿ. ಶುಕ್ರವಾರ ರಾತ್ರಿ ಇಳಿದರೆ ಸೋಮವಾರದ ತನಕ ಹೋಟೆಲ್‌ಗೆ ದುಡ್ಡು ಸುರಿಯಬೇಕು. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಅಕ್ಟೋಬರ್ 3 ರಾಷ್ಟ್ರೀಯ ರಜೆ, ಅದನ್ನೂ ನೆನಪಿಡಿ. ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ ಇಳಿಯುವ ಹಾಗೆ ನೋಡಿಕೊಳ್ಳಿ. ಟಿಕೆಟ್ ಎರಡು ಸಾವಿರ ರೂಪಾಯಿ ಹೆಚ್ಚಾದರೂ ಪರವಾಗಿಲ್ಲ.

ಕೋಣೆಯಲ್ಲಿ ಮಂಚ, ಹಾಸಿಗೆ, ಮೇಜು ಇರುತ್ತದೆ. ಬೆಡ್‌ಶೀಟ್, ದಿಂಬು, ಹೊದಿಕೆ ಸಾಮಾನ್ಯವಾಗಿ ಇರುವುದಿಲ್ಲ. ನಾನು ಮೊದಲ ರಾತ್ರಿ ಬರೀ ಹಾಸಿಗೆಯ ಮೇಲೆ ದುಪಟ್ಟಾ ಹಾಸಿ, ಜಾಕೆಟ್ ಹೊದ್ದು ಮಲಗಿದ್ದೆ. ನೀವು ಒಂದು ಬೆಡ್‌ಶೀಟ್, ಒಂದು ತೆಳು ರಗ್ಗು ಮೇಲೇ ಸಿಗುವ ಹಾಗೆ ಇಟ್ಟುಕೊಳ್ಳಿ.

ಮನೆ ಸೇರಿದ ಎರಡು ವಾರದೊಳಗೆ ಆನ್‌ಮೆಲ್ಡುಂಗ್ ಮಾಡಿಸಬೇಕು, ಅದು ಕಾನೂನು. ಸ್ಟುಟ್‌ಗಾರ್ಟ್‌ನಲ್ಲಿ ಇದು 'ಬ್ಯೂರ್ಗರ್‌ಬ್ಯೂರೋ' ಅನ್ನುವ ಕಚೇರಿಯಲ್ಲಿ ಆಗುತ್ತದೆ. ಪಾಸ್‌ಪೋರ್ಟ್ ಜೊತೆಗೆ, ನೀವು ಅಲ್ಲಿ ವಾಸಕ್ಕೆ ಬಂದಿದ್ದೀರಿ ಅಂತ ಮನೆ ಕೊಟ್ಟವರು ಸಹಿ ಮಾಡಿದ ಚೀಟಿ ಬೇಕು. ಬಾಡಿಗೆ ಕರಾರುಪತ್ರ ತೋರಿಸಿದರೆ ಸಾಲದು, ಆ ಚೀಟಿಯೇ ಬೇಕು. ಕೀಲಿ ತೆಗೆದುಕೊಳ್ಳುವಾಗಲೇ ಕೇಳಿ ಪಡೆಯಿರಿ.

ಇನ್ನೊಂದು ಸಣ್ಣ ವಿಷಯ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಹಾಸ್ಟೆಲ್ ಬಾಗಿಲಲ್ಲಿ ಸಾಲಾಗಿ ಟಪಾಲು ಡಬ್ಬಿಗಳಿರುತ್ತವೆ. ಪ್ರತಿ ಡಬ್ಬಿಯ ಮೇಲೂ ಹೆಸರು. ನಿಮ್ಮ ಹೆಸರು ಡಬ್ಬಿಯ ಮೇಲೆ ಇಲ್ಲದಿದ್ದರೆ ಪೋಸ್ಟ್‌ನವರು ಪತ್ರ ವಾಪಸ್ ಒಯ್ಯುತ್ತಾರೆ. ಕೋಣೆ ನಂಬರ್ ಸರಿಯಿದ್ದರೂ ಅಷ್ಟೇ. ನನ್ನ ಡಬ್ಬಿಯ ಮೇಲೆ ಹಿಂದಿನ ಹುಡುಗಿಯ ಹೆಸರೇ ಇತ್ತು. ನಾನು ಗಮನಿಸಿರಲಿಲ್ಲ. ಬ್ಯಾಂಕಿನ ಕಾರ್ಡ್ ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದರಲ್ಲಿ ಬರುತ್ತದೆ. ಎರಡೂ ವಾಪಸ್ ಹೋದವು. ಮೂರು ವಾರ ಕೈಯಲ್ಲಿ ದುಡ್ಡಿಲ್ಲ. ಪಕ್ಕದ ಕೋಣೆಯವಳ ಹತ್ತಿರ ಸಾಲ ಮಾಡಿ ಬ್ರೆಡ್ ತಿಂದೆ. ಕೊನೆಗೆ ಹೌಸ್‌ಮೈಸ್ಟರ್ ನನ್ನನ್ನು ಡಬ್ಬಿಯ ಮುಂದೆ ನಿಲ್ಲಿಸಿ ಬೆರಳು ತೋರಿಸಿದರು. ಒಂದು ಚೂರು ಕಾಗದ, ಒಂದಿಷ್ಟು ಟೇಪು, ಅಷ್ಟೇ ಬೇಕಾಗಿದ್ದದ್ದು. ನೀವು ಕೋಣೆಗೆ ಸಾಮಾನು ಇಟ್ಟ ತಕ್ಷಣ ಇಳಿದು ಬಂದು ಹೆಸರು ಅಂಟಿಸಿ. ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಬರೆಯಿರಿ.

ಈಗ ಅಪ್ಪನ ಪ್ರಶ್ನೆಗೆ ಬರೋಣ. ವೀಸಾಗೆ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಬ್ಲಾಕ್ಡ್ ಅಕೌಂಟ್‌ನಲ್ಲಿ ದುಡ್ಡು ತೋರಿಸಬೇಕು. ವರ್ಷಕ್ಕಾದರೆ 11,904 ಯೂರೋ. ನಿಮಗೆ ಆರು ತಿಂಗಳು ಅಂದುಕೊಂಡರೆ 5,952. ಯೂರೋಗೆ 100 ರೂಪಾಯಿ ಹಿಡಿದರೆ ಆರು ಲಕ್ಷದ ಹತ್ತಿರ. ಇದು ಖರ್ಚಾಗಿ ಹೋಗುವ ಫೀಸಲ್ಲ, ನಿಮ್ಮದೇ ದುಡ್ಡು. ಅಲ್ಲಿ ಹೋದ ಮೇಲೆ ತಿಂಗಳಿಗೆ ಇಷ್ಟು ಅಂತ ನಿಮಗೇ ಬರುತ್ತದೆ. ಇದನ್ನು ಅಪ್ಪನಿಗೆ ನಿಧಾನವಾಗಿ ಕೂರಿಸಿ ಹೇಳಿ. ಎಷ್ಟೋ ಮನೆಗಳಲ್ಲಿ ಈ ಮೊತ್ತ ಕೇಳಿಯೇ ಬೇಡ ಅಂದುಬಿಡುತ್ತಾರೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯ ಹೊರದೇಶದ ವಿದ್ಯಾರ್ಥಿಗಳಿಂದ ಸೆಮಿಸ್ಟರ್‌ಗೆ 1,500 ಯೂರೋ ಫೀಸು ತೆಗೆದುಕೊಳ್ಳುತ್ತದೆ. ಒಪ್ಪಂದದ ಮೇಲೆ ಹೋಗುವ ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ಅದು ಇಲ್ಲ. ಸೆಮಿಸ್ಟರ್ ಶುಲ್ಕ ಅಂತ ಒಂದು ಸಣ್ಣ ಮೊತ್ತ ಇರುತ್ತದೆ.

ತಿಂಗಳ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಬಾಡಿಗೆ 350. ಆರೋಗ್ಯ ವಿಮೆ 140ರ ಆಸುಪಾಸು. ಇದು ಕಡ್ಡಾಯ, ಇದಿಲ್ಲದೆ ಪ್ರವೇಶವೇ ಇಲ್ಲ. ಉಳಿದ ಐನೂರರಲ್ಲಿ ಮನೆಯಲ್ಲಿ ಅಡುಗೆ ಮಾಡಿಕೊಂಡರೆ ಊಟಕ್ಕೆ 200, 250 ಸಾಕು. ಆದರೆ ಮೊದಲ ತಿಂಗಳು ಬೇರೆ. ಬಾಡಿಗೆ, ಡೆಪಾಸಿಟ್, ಶುಲ್ಕ ಎಲ್ಲ ಒಟ್ಟಿಗೆ ಬರುತ್ತವೆ. ಬ್ಲಾಕ್ಡ್ ಅಕೌಂಟ್ ಆಗ ಇನ್ನೂ ತೆರೆದಿರುವುದಿಲ್ಲ. ಅದಕ್ಕೆ ಫಾರೆಕ್ಸ್ ಕಾರ್ಡ್‌ನಲ್ಲಿ ಸಾವಿರದಿಂದ ಸಾವಿರದೈನೂರು ಯೂರೋ, ಕೈಯಲ್ಲಿ ಇನ್ನೂರು ಯೂರೋ ನೋಟು ಬೇರೆ ಇಟ್ಟುಕೊಳ್ಳಿ. ವಿಮೆಯ ಅರ್ಜಿಯನ್ನು ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಹಾಕಬಹುದು. ನಿಮಗೆ ವಿಮೆ ಇದೆ ಅನ್ನುವುದನ್ನು ಕಂಪನಿಯೇ ವಿಶ್ವವಿದ್ಯಾಲಯಕ್ಕೆ ತಿಳಿಸುತ್ತದೆ. ನಡುವಿನ ದಿನಗಳಿಗೆ ಟ್ರಾವೆಲ್ ಇನ್ಶೂರೆನ್ಸ್ ಇರಲಿ.

ವೀಸಾ ಬಗ್ಗೆ ಒಂದೇ ಮಾತು, ಆದರೆ ಇದು ಮುಖ್ಯ. ತೊಂಬತ್ತು ದಿನಕ್ಕಿಂತ ಹೆಚ್ಚು ಇರುವುದರಿಂದ ನಿಮಗೆ ಬೇಕಾಗಿರುವುದು ಟೂರಿಸ್ಟ್‌ಗಳ ಷೆಂಗೆನ್ ವೀಸಾ ಅಲ್ಲ, ನ್ಯಾಷನಲ್ ವೀಸಾ. ಅದರ ಕೊನೆಯ ದಿನಾಂಕ ನಿಮ್ಮ ಪರೀಕ್ಷೆ ಮುಗಿದ ಮೇಲೆ ಬರಬೇಕು. ಪಾಠ ಫೆಬ್ರವರಿ ಮಧ್ಯಕ್ಕೆ ಮುಗಿಯುತ್ತದೆ ನಿಜ. ಪರೀಕ್ಷೆ ಶುರುವಾಗುವುದೇ ಆಮೇಲೆ. ಮಾರ್ಚ್ ತನಕ ಎಳೆಯಬಹುದು.

ಇಲ್ಲೇ ನಿಮ್ಮ ದೊಡ್ಡ ತೊಡಕು ಇದೆ. ಪತ್ರದಲ್ಲಿ ನೀವು ಇದನ್ನು ಕೇಳಿಲ್ಲ. ಅಲ್ಲಿ ಪರೀಕ್ಷೆ ನಡೆಯುವಾಗ ಹುಬ್ಬಳ್ಳಿಯಲ್ಲಿ ಎಂಟನೇ ಸೆಮಿಸ್ಟರ್ ಶುರುವಾಗಿರುತ್ತದೆ. ಹಾಜರಾತಿ, ಇಂಟರ್ನಲ್ಸ್, ಪ್ರಾಜೆಕ್ಟ್ ರಿವ್ಯೂ ಎಲ್ಲ ಇಲ್ಲಿ ಕಾಯುತ್ತಿರುತ್ತವೆ. 'ನೋಡೋಣ ಹೋಗಿ ಬಾ' ಅಂತ ಸರ್ ಪ್ರೀತಿಯಿಂದ ಹೇಳಿರುತ್ತಾರೆ. ಆ ಸರ್ ವರ್ಗವಾಗಿ ಹೋದರೆ? ಬಾಯಿಮಾತು ಸಾಲದು. ತಡವಾಗಿ ಸೇರಲು ಅನುಮತಿ, ಅಲ್ಲಿನ ಯಾವ ವಿಷಯ ಇಲ್ಲಿನ ಯಾವ ವಿಷಯಕ್ಕೆ ಸಮ, ಎಷ್ಟು ಕ್ರೆಡಿಟ್, ಅಲ್ಲಿನ ಅಂಕವನ್ನು ಇಲ್ಲಿ ಹೇಗೆ ಪರಿಗಣಿಸುತ್ತಾರೆ, ಇಷ್ಟೂ ಕಾಗದದ ಮೇಲೆ ವಿಭಾಗದ ಮುಖ್ಯಸ್ಥರ ಸಹಿಯೊಂದಿಗೆ ಬೇಕು. ಇದಕ್ಕೆ ಲರ್ನಿಂಗ್ ಅಗ್ರಿಮೆಂಟ್ ಅನ್ನುತ್ತಾರೆ. ಅಲ್ಲಿ ಹೋದ ಮೇಲೆ ಒಂದು ವಿಷಯದ ಸಮಯ ಇನ್ನೊಂದಕ್ಕೆ ಅಡ್ಡ ಬಂದು ಬದಲಾಯಿಸಬೇಕಾಗುತ್ತದೆ, ಬಹುತೇಕ ಎಲ್ಲರಿಗೂ ಆಗುತ್ತದೆ. ಬದಲಾವಣೆಗೂ ಹೊಸದಾಗಿ ಸಹಿ ಹಾಕಿಸಿ. ವಾಪಸ್ ಬಂದ ಮೇಲೆ 'ಈ ವಿಷಯ ನಮ್ಮ ಲಿಸ್ಟ್‌ನಲ್ಲಿಲ್ಲ' ಅನ್ನಿಸಿಕೊಂಡು ಕಣ್ಣೀರು ಹಾಕಿದ ಹುಡುಗನನ್ನು ನಾನು ನೋಡಿದ್ದೇನೆ. ಅವನು ಅಲ್ಲಿ ಒಳ್ಳೆಯ ಅಂಕ ತೆಗೆದಿದ್ದ.

ಓದಿನ ರೀತಿಯೂ ಬೇರೆ. ಯುರೋಪಿನ ಲೆಕ್ಕದಲ್ಲಿ ಪೂರ್ತಿ ಸೆಮಿಸ್ಟರ್ ಅಂದರೆ 30 ಕ್ರೆಡಿಟ್. ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಕೆಲಸ. ಮೊದಲ ಸಲ ಹೋದವರು 20ರಿಂದ 24 ತೆಗೆದುಕೊಂಡರೆ ಜಾಣತನ, ನಿಮ್ಮ ಕಾಲೇಜು ಒಪ್ಪಿದರೆ. ಹಾಜರಾತಿಯನ್ನು ಹೆಚ್ಚಿನ ತರಗತಿಗಳಲ್ಲಿ ಕೇಳುವುದೇ ಇಲ್ಲ. ಇಂಟರ್ನಲ್ಸ್ ಇಲ್ಲ. ಹೆಚ್ಚಿನ ವಿಷಯಗಳಲ್ಲಿ ಎಲ್ಲವೂ ಕೊನೆಯ ಒಂದೇ ಪರೀಕ್ಷೆಯ ಮೇಲೆ. ಇದು ಕೇಳಲು ಹಾಯೆನಿಸುತ್ತದೆ. ಆದರೆ ಡಿಸೆಂಬರ್ ತನಕ ಯಾರೂ ನಿಮ್ಮನ್ನು ಎಚ್ಚರಿಸುವುದಿಲ್ಲ. ಇನ್ನೊಂದು, ಕೋರ್ಸ್‌ಗೆ ಸೇರಿದರೆ ಪರೀಕ್ಷೆಗೂ ಸೇರಿದ ಹಾಗಲ್ಲ. ಪರೀಕ್ಷೆಗೆ ಬೇರೆಯಾಗಿ ಹೆಸರು ಕೊಡಬೇಕು, ಅದಕ್ಕೆ ಕೊನೆಯ ದಿನ ಇರುತ್ತದೆ. ಆ ದಿನ ದಾಟಿದರೆ ಎಷ್ಟು ಓದಿದ್ದರೂ ಪ್ರಯೋಜನವಿಲ್ಲ. ಅಂಕವೂ ಉಲ್ಟಾ. 1.0 ಅಂದರೆ ಅತ್ಯುತ್ತಮ, 4.0 ಅಂದರೆ ಪಾಸು. ಮನೆಯವರಿಗೆ ಮೊದಲೇ ಹೇಳಿಡಿ. ಪಾಠ ಮುಗಿದ ತಕ್ಷಣ ಎಲ್ಲರೂ ಬೆರಳ ಗೆಣ್ಣಿನಿಂದ ಮೇಜನ್ನು ಟಕ ಟಕ ಬಡಿಯುತ್ತಾರೆ. ಗಾಬರಿ ಬೇಡ. ಅದು ಅವರ ಚಪ್ಪಾಳೆ. ನೀವೂ ಬಡಿಯಿರಿ.

ಅಮ್ಮನ ಪಟ್ಟಿ. ಬೇಜಾರಿನಿಂದಲೇ ಹೇಳುತ್ತೇನೆ, ತುಪ್ಪ ಮತ್ತು ಧಾರವಾಡ ಪೇಢೆ ಬೇಡ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ ಅಂತ ಯುರೋಪಿಯನ್ ಒಕ್ಕೂಟದ ನಿಯಮ. ವಿಮಾನ ನಿಲ್ದಾಣದಲ್ಲಿ ತೆಗೆದು ಬಿಸಾಡುತ್ತಾರೆ, ದಂಡವೂ ಬೀಳಬಹುದು. ಹಸಿ ಕರಿಬೇವೂ ಬೇಡ. ಒಣಗಿಸಿದ್ದು, ಪುಡಿ ಮಾಡಿದ್ದು ಧಾರಾಳವಾಗಿ ಒಯ್ಯಿರಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಸಾರಿನ ಪುಡಿ, ಮಸಾಲೆ ಖಾರ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಖಡಕ್ ರೊಟ್ಟಿ. ಸಂಜೆ ಕ್ಲಾಸು ಮುಗಿಸಿ ಬಂದಾಗ ರೊಟ್ಟಿ, ಚಟ್ನಿ, ಮೊಸರು ಇದ್ದರೆ ಅದೇ ಹಬ್ಬ. ಮೊಸರಿಗೆ ಅಲ್ಲಿ 3.5 ಪರ್ಸೆಂಟ್ ಕೊಬ್ಬಿನ ಸಾದಾ ಯೋಗರ್ಟ್ ಸಿಗುತ್ತದೆ, ಚೆನ್ನಾಗಿರುತ್ತದೆ. ಉಪ್ಪಿಟ್ಟಿಗೆ 'ಗ್ರೀಸ್' ಅಂತ ಬರೆದ ರವೆಯ ಪೊಟ್ಟಣ. ಹಸಿಮೆಣಸಿನಕಾಯಿ, ಕೊತ್ತಂಬರಿಗೆ ಟರ್ಕಿಯವರ ಅಂಗಡಿ. ತೊಗರಿಬೇಳೆ, ಸೋನಾ ಮಸೂರಿ ಇಂಡಿಯನ್ ಅಂಗಡಿಯಲ್ಲಿ. ಅಂದರೆ ಅಕ್ಕಿ ಬೇಳೆ ಹೊತ್ತುಕೊಂಡು ಹೋಗಬೇಡಿ.

ಕುಕ್ಕರ್ ಒಯ್ಯುವುದಾದರೆ ಸ್ಟೀಲಿನದು, ಇಂಡಕ್ಷನ್ ತಳದ್ದು, ಎರಡು ಲೀಟರಿನದು. ಹಾಸ್ಟೆಲ್‌ನಲ್ಲಿ ಇರುವುದು ವಿದ್ಯುತ್ ಒಲೆ. ಅದು ಇಂಡಕ್ಷನ್ ಆಗಿದ್ದರೆ ಅಲ್ಯುಮಿನಿಯಂ ಕುಕ್ಕರ್ ಕಾಯುವುದೇ ಇಲ್ಲ. ಒಗ್ಗರಣೆ ಹಾಕುವಾಗ ಅಡುಗೆಮನೆಯ ಕಿಟಕಿ ತೆರೆದಿರಲಿ, ಕೋಣೆಯ ಬಾಗಿಲು ಮುಚ್ಚಿರಲಿ. ಕೋಣೆಯಲ್ಲಿರುವ ಹೊಗೆಯ ಅಲಾರಂಗೆ ನಮ್ಮ ಒಣಮೆಣಸಿನಕಾಯಿಯ ಘಾಟು ಗೊತ್ತಿಲ್ಲ. ಮಾಂಸ ತಿನ್ನದವರಾದರೆ ಇನ್ನೊಂದು ಎಚ್ಚರ. ಸ್ಟುಟ್‌ಗಾರ್ಟ್ ಕಡೆಯ ಬ್ರೆಟ್ಸೆಲ್ ಅನ್ನುವ ತಿರುಚಿದ ಬ್ರೆಡ್‌ಗೆ ಕೆಲವು ಬೇಕರಿಗಳಲ್ಲಿ ಹಂದಿಯ ಕೊಬ್ಬು ಸೇರಿಸುತ್ತಾರೆ. ಕೇಳಿ ತಿನ್ನಿ. ಜೆಲ್ಲಿ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ.

ಮಾತ್ರೆಗಳನ್ನು ಮೂರು ತಿಂಗಳ ಬಳಕೆಗೆ ಆಗುವಷ್ಟು ಒಯ್ಯಬಹುದು. ಡಾಕ್ಟರ್ ಚೀಟಿ ಜೊತೆಗಿರಲಿ. ನಮ್ಮ ಎರಡು ಪಿನ್ನಿನ ಚಾರ್ಜರ್ ಅಲ್ಲಿ ಕೂರುತ್ತದೆ, ಮೂರು ಪಿನ್ನಿನದು ಕೂರುವುದಿಲ್ಲ. ಒಳಗೆ ಹಾಕುವ ಥರ್ಮಲ್ ಎರಡು ಜೊತೆ ಇಲ್ಲಿಂದ ಒಯ್ಯಿರಿ, ಜಾಕೆಟ್ ಮತ್ತು ಬೂಟು ಅಲ್ಲೇ ಕೊಳ್ಳಿ.

ಜರ್ಮನ್ ಭಾಷೆ. ಪಾಠ ಇಂಗ್ಲಿಷಿನಲ್ಲಿದ್ದರೂ ಈ ಬೇಸಿಗೆಯಲ್ಲಿ ಎ1 ಅನ್ನುವ ಮೊದಲ ಹಂತ ಮುಗಿಸಿ. ಹೌಸ್‌ಮೈಸ್ಟರ್, ಬೇಕರಿಯವರು, ಬ್ಯೂರ್ಗರ್‌ಬ್ಯೂರೋದ ಗುಮಾಸ್ತರು ನಿಮ್ಮ ಜೊತೆ ಇಂಗ್ಲಿಷ್ ಮಾತಾಡಲೇಬೇಕು ಅಂತಿಲ್ಲ. ಕನ್ನಡದವರಿಗೆ ಒಂದು ಅನುಕೂಲ ಇದೆ. ಅವರಲ್ಲೂ ನೀನು, ನೀವು ಬೇರೆ ಬೇರೆ. ಡು ಅಂದರೆ ನೀನು, ಜೀ ಅಂದರೆ ನೀವು. ಸಹಪಾಠಿಗಳಿಗೆ ಡು, ಪ್ರೊಫೆಸರ್‌ಗೆ, ಕಚೇರಿಯವರಿಗೆ ಜೀ. ಎಲ್ಲಿ ಯಾವುದು ಅಂತ ನಿಮ್ಮ ನಾಲಿಗೆಗೆ ತಾನಾಗಿಯೇ ಗೊತ್ತಾಗುತ್ತದೆ. ಆ ಕಡೆ ಎದುರಾದವರಿಗೆ 'ಗ್ರ್ಯೂಸ್ ಗಾಟ್' ಅಂತಾರೆ. ಮೆಟ್ಟಿಲಲ್ಲಿ ಸಿಕ್ಕ ಅಪರಿಚಿತರಿಗೂ ಹೇಳಿ.

ಅದೇ ಮೆಟ್ಟಿಲಿಗೆ ಸಂಬಂಧಿಸಿದ್ದು ಇನ್ನೊಂದಿದೆ, 'ಕೇರ್‌ವೋಖೆ'. ಅಂದರೆ ಗುಡಿಸುವ ವಾರ. ಸ್ಟುಟ್‌ಗಾರ್ಟ್ ಪ್ರಾಂತದ ಹಳೆಯ ಪದ್ಧತಿ. ಹೊರಗಡೆ ಮನೆ ಮಾಡಿದರೆ ಒಂದು ದಿನ ನಿಮ್ಮ ಬಾಗಿಲಿಗೆ ಸಣ್ಣ ಹಲಗೆ ನೇತಾಡುತ್ತಿರುತ್ತದೆ. ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ನಿಮ್ಮದು. ಮುಗಿಸಿ ಹಲಗೆಯನ್ನು ಪಕ್ಕದವರ ಬಾಗಿಲಿಗೆ ದಾಟಿಸಬೇಕು. ಹಾಸ್ಟೆಲ್‌ನಲ್ಲಾದರೆ ಅಡುಗೆಮನೆಯ ಪಾಳಿ. ಪಾಳಿ ತಪ್ಪಿಸದ ಹುಡುಗಿಯನ್ನು ಅವರು ಬೇಗ ಹಚ್ಚಿಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅಲ್ಲಿನ ಸ್ನೇಹ ಮಾತಿಗಿಂತ ಹೆಚ್ಚಾಗಿ ಇಂಥ ಕೆಲಸದಿಂದ ಬೆಳೆಯುತ್ತದೆ.

ಒಂಟಿತನದ ಬಗ್ಗೆ ಕೇಳಿದ್ದೀರಿ. ಸುಳ್ಳು ಧೈರ್ಯ ಹೇಳುವುದಿಲ್ಲ, ಅದು ಬರುತ್ತದೆ. ಮೊದಲ ಎರಡು ವಾರ ಬರುವುದಿಲ್ಲ, ಓಡಾಟವೇ ಜಾಸ್ತಿ ಇರುತ್ತದೆ. ಬರುವುದು ನವೆಂಬರ್‌ನಲ್ಲಿ. ಎಲೆ ಉದುರಿ, ಮೋಡ ಕವಿದು, ಬಿಸಿಲು ಕಾಣದೆ ವಾರಗಟ್ಟಲೆ ಕಳೆಯುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಎಂಟರ ತನಕ ಹುಟ್ಟುವುದಿಲ್ಲ. ದೀಪಾವಳಿಯ ದಿನ ಹುಬ್ಬಳ್ಳಿಯಿಂದ ಫೋಟೋಗಳು ಬರುತ್ತವೆ. ನೀವು ಲೈಬ್ರರಿಯಲ್ಲಿ ಕೂತಿರುತ್ತೀರಿ. ಆಗ 'ನಾನು ಬರಬಾರದಿತ್ತು' ಅನ್ನಿಸಿದರೆ ನೀವು ತಪ್ಪು ಮಾಡಿದ್ದೀರಿ ಅಂತಲ್ಲ. ನವೆಂಬರ್ ಬಂದಿದೆ ಅಂತ ಅರ್ಥ.

ಅದಕ್ಕೆ ಅಕ್ಟೋಬರ್‌ನಲ್ಲೇ, ಮನಸ್ಸು ಹುಷಾರಾಗಿರುವಾಗಲೇ, ವಾರದಲ್ಲಿ ಎರಡು ಸಂಜೆ ಎಲ್ಲಾದರೂ ಕಟ್ಟಿಹಾಕಿಕೊಳ್ಳಿ. ವಿಶ್ವವಿದ್ಯಾಲಯದ ಕ್ರೀಡಾ ತರಗತಿಗಳು ಅಗ್ಗ. ಬ್ಯಾಡ್ಮಿಂಟನ್, ಈಜು, ಏನಾದರೂ ಸರಿ. ಇಷ್ಟವಾಗುತ್ತದೋ ಇಲ್ಲವೋ ಯೋಚಿಸಬೇಡಿ, ಹೆಸರು ಕೊಡಿ. ಮಧ್ಯಾಹ್ನ ಹತ್ತು ನಿಮಿಷವಾದರೂ ಬೆಳಕಿನಲ್ಲಿ ನಡೆಯಿರಿ. ಊಟಕ್ಕೆ ಒಬ್ಬರನ್ನು ಕರೆಯಿರಿ, ಚಿತ್ರಾನ್ನ ಮಾಡಿ ಹಾಕಿ. ನಿದ್ದೆ, ಊಟ ಎರಡು ವಾರ ಕೆಟ್ಟರೆ ಸುಮ್ನೆ ಸಹಿಸಿಕೊಂಡು ಕೂರಬೇಡಿ. ಷ್ಟುಡೀರೆಂಡೆನ್‌ವೆರ್ಕ್‌ನಲ್ಲಿ ವಿದ್ಯಾರ್ಥಿಗಳಿಗೆ ಆಪ್ತಸಲಹೆ ಇದೆ. ರಾತ್ರಿ ಹೊತ್ತು ಡಾಕ್ಟರ್ ಬೇಕಾದರೆ 116117, ಜೀವಕ್ಕೆ ಅಪಾಯವಾದರೆ 112.

ನನ್ನ ನವೆಂಬರ್‌ನಲ್ಲಿ ಒಂದು ಭಾನುವಾರ ನಾನು ವಿಶ್ವವಿದ್ಯಾಲಯದ ನಿಲ್ದಾಣದಿಂದ ಎಸ್1 ರೈಲು ಹತ್ತಿ ಎಸ್‌ಲಿಂಗೆನ್‌ಗೆ ಹೋದೆ. ಹೆರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. 1843ರಲ್ಲಿ 'ಮಂಗಳೂರು ಸಮಾಚಾರ' ಶುರು ಮಾಡಿದವರು ಅವರೇ, ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲ್ ತೀರಿಕೊಂಡ ಟ್ಯೂಬಿಂಗೆನ್ ಕೂಡ ಅಲ್ಲಿಂದ ಒಂದು ಗಂಟೆಯ ದಾರಿ. ಹಳೆಯ ಮರದ ಮನೆಗಳ ನಡುವೆ ನಡೆಯುತ್ತಾ ಯೋಚಿಸಿದೆ. ಈ ಚಳಿಯ ಊರುಗಳಿಂದ ಹಡಗು ಹತ್ತಿ ನಮ್ಮ ಕಡೆ ಬಂದವರು, ಬಿಸಿಲಲ್ಲಿ ಬೆಂದು, ಕಾಯಿಲೆ ಬಿದ್ದು, ಕನ್ನಡ ಕಲಿತರು. ನಾನು ಆರು ತಿಂಗಳು ಇಲ್ಲಿ ಇರಲಾರೆನಾ ಅಂತ. ಆ ಸಂಜೆ ಮನಸ್ಸು ಎಷ್ಟೋ ಹಗುರಾಯಿತು. ನೀವೂ ಒಮ್ಮೆ ಹೋಗಿ ಬನ್ನಿ.

ಕೊನೆಗೆ ಮನೆಗೆ ಫೋನ್ ಮಾಡುವ ಹೊತ್ತು. ಸಂಜೆ ಐದೂವರೆಗೆ ಕ್ಲಾಸು ಮುಗಿಸಿ ಬಂದರೆ ಹುಬ್ಬಳ್ಳಿಯಲ್ಲಿ ರಾತ್ರಿ ಹತ್ತು. ದಣಿದ ದನಿಯಲ್ಲಿ ನೀವು ಮಾತಾಡಿದರೆ ಅಮ್ಮನಿಗೆ ರಾತ್ರಿಯೆಲ್ಲ ನಿದ್ದೆ ಇರುವುದಿಲ್ಲ. ಬೆಳಿಗ್ಗೆ ಏಳೂವರೆಗೆ, ಚಹಾ ಕುಡಿಯುತ್ತಾ ಮಾಡಿ. ಅಲ್ಲಿ ಮಧ್ಯಾಹ್ನ ಹನ್ನೆರಡು, ಅಮ್ಮನ ಅಡುಗೆ ಮುಗಿದಿರುತ್ತದೆ. ಒಂದು ವಿಷಯ ಅವರಿಗೆ ಹೊರಡುವ ಮೊದಲೇ ಹೇಳಿಡಿ. ಅಕ್ಟೋಬರ್ ಕೊನೆಯ ಭಾನುವಾರ ಜರ್ಮನಿಯಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಅಲ್ಲಿಯ ತನಕ ಮೂರೂವರೆ ಗಂಟೆ ಇದ್ದ ವ್ಯತ್ಯಾಸ ನಾಲ್ಕೂವರೆ ಆಗುತ್ತದೆ. ಮೊದಲ ವಾರಗಳಲ್ಲಿ ಹನ್ನೊಂದಕ್ಕೆ ಬರುತ್ತಿದ್ದ ಫೋನ್ ಆ ದಿನದಿಂದ ಹನ್ನೆರಡಕ್ಕೆ ಬರುತ್ತದೆ. ಹೇಳದೆ ಹೋದರೆ ಆ ಒಂದು ಗಂಟೆ ಅವರು ಫೋನ್ ಹಿಡಿದುಕೊಂಡೇ ಕೂತಿರುತ್ತಾರೆ.